ಮಗಳು ಮೊದಲ ಸಲ ವಿಮಾನ ಹತ್ತೋಳು: ಘಟ್ಟದ ಮಳೆ, ಎರಡು ಟಿಕೆಟ್ಟು, ಪಕ್ಕದ ಮನೆ ಪಾರ್ಸಲ್ಲು

ಪ್ರಶ್ನೆ: ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮಗಳಿಗೆ ಜರ್ಮನಿಯ ಮ್ಯಾಗ್ಡೆಬರ್ಗಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆ, ಸೆಪ್ಟೆಂಬರ್ ಮೂರನೇ ವಾರ ಹೊರಡ್ತಾಳೆ. ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಗೋವಾದಿಂದ ಮುಂಬೈಗೆ ಒಂದು ಟಿಕೆಟ್, ಮುಂಬೈಯಿಂದ ದುಬೈ ಮೇಲೆ ಫ್ರಾಂಕ್‌ಫರ್ಟಿಗೆ ಇನ್ನೊಂದು ಟಿಕೆಟ್, ಅವಳೇ ಮೊಬೈಲಲ್ಲಿ ಮಾಡಿದ್ದು, ಹೀಗೆ ಬೇರೆ ಬೇರೆ ಮಾಡಿದ್ದಕ್ಕೆ ಆರು ಸಾವಿರ ಉಳೀತಂತೆ. ಮುಂಬೈಯಲ್ಲಿ ಮಧ್ಯೆ 3 ತಾಸು 20 ನಿಮಿಷ ಇದೆ. ಹೋದ ವರ್ಷ ನಮ್ಮ ಕೇರಿಯ ಹುಡುಗನೊಬ್ಬ ದಾರಿಯಲ್ಲಿ ಮರ ಬಿದ್ದು ವಿಮಾನ ತಪ್ಪಿಸ್ಕೊಂಡ, ಇನ್ನು ವೀಸಾನೂ ನಡೆಯೋದಿಲ್ಲ ಅಂತ ಯಾರೋ ಹೇಳಿದ್ರು, ಅಪಶಕುನ ಆಯ್ತು ಅಂತ ಮನೆಯವರೂ ಹೆದರಿ ಆ ವರ್ಷ ಅವನನ್ನ ಕಳಿಸ್ಲೇ ಇಲ್ಲ. ಈಗ ನಮ್ಮನೆಯಲ್ಲೂ ಅದೇ ಮಾತು. ಇದರ ಮೇಲೆ ಪಕ್ಕದ ಮನೆಯವರು ಫ್ರಾಂಕ್‌ಫರ್ಟಲ್ಲಿರೋ ಮಗನಿಗೆ ಎರಡು ಕೆಜಿ ಪಾರ್ಸಲ್ ಕೊಡ್ತೇವೆ ಅಂತಿದ್ದಾರೆ, ಬೇಡ ಅಂದ್ರೆ ಬೇಜಾರಾಗ್ತದೆ. ದಾರಿಯಲ್ಲಿ ಅವಳಿಗೆ ಏನಾದ್ರೂ ತೊಂದ್ರೆ ಆದ್ರೆ ಯಾರನ್ನ ಕೇಳ್ಬೇಕು, ಯಾರನ್ನ ನಂಬ್ಬಹುದು?

ಉತ್ತರ:

ಅಕ್ಕೋರೆ, ನಿಮ್ಮ ಪತ್ರ ಎರಡು ಸಲ ಓದಿದೆ. ಕುಮಟಾದಲ್ಲಿ ಕೂತು ಟಿಕೆಟ್ ಮತ್ತೆ ವೀಸಾ ಕಾಗದದ ಕೆಲಸ ಮಾಡ್ತಾ ನನಗೆ 22 ವರ್ಷ ಆಯ್ತು, ಮಕ್ಕಳನ್ನ ಹೊರದೇಶಕ್ಕೆ ಕಳಿಸೋ ಅಪ್ಪ ಅಮ್ಮ ನನ್ನ ಮುಂದೆ ಕೂತು ಕೇಳೋದು ಹೆಚ್ಚು ಕಮ್ಮಿ ಇದೇ ಮಾತು. ನಿಮಗೆ ಹೆದರಿಕೆ ಇರೋದು ಆಕಾಶದಲ್ಲಿ ಏನಾಗ್ತದೋ ಅಂತ. ಆದ್ರೆ ನಾನು ನೋಡಿದ ಹಾಗೆ ಹತ್ತರಲ್ಲಿ ಒಂಬತ್ತು ತೊಂದ್ರೆ ಆಗೋದು ನೆಲದ ಮೇಲೇ, ಮನೆ ಅಂಗಳದಿಂದ ಏರ್‌ಪೋರ್ಟ್ ಬಾಗಿಲ ತನಕ ಮತ್ತೆ ಒಂದು ಟಿಕೆಟ್ ಇನ್ನೊಂದಕ್ಕೆ ಸೇರೋ ಜಾಗದಲ್ಲಿ. ಈ ಎರಡೂ ನಮ್ಮ ಕೈಯಲ್ಲಿರೋ ವಿಷಯ, ಅದೂ ನಿಮಗಿನ್ನೂ ಟೈಮ್ ಇದೆ.

ಮೊದಲು ಆ ವೀಸಾ ಮಾತು ಮುಗಿಸ್ಬಿಡ್ತೇನೆ, ಯಾಕಂದ್ರೆ ಆ ಹುಡುಗನ ಒಂದು ವರ್ಷ ಹೋಗಿದ್ದು ಇದರಿಂದಲೇ. ವಿಮಾನ ತಪ್ಪಿದ್ರೆ ವೀಸಾ ಹೋಗೋದಿಲ್ಲ. ಪಾಸ್‌ಪೋರ್ಟಲ್ಲಿ ಅಂಟಿಸಿರೋ ವೀಸಾ ತೆಗೆದು ನೋಡಿ, ಎರಡು ತಾರೀಕು ಇರ್ತದೆ, ಯಾವತ್ತಿಂದ ಮತ್ತೆ ಯಾವತ್ತಿನ ತನಕ. ಆ ಎರಡು ತಾರೀಕಿನ ನಡುವೆ ಅವಳು ಯಾವ ದಿನ ಹೋದ್ರೂ ಆಗ್ತದೆ, ಟಿಕೆಟಲ್ಲಿ ಬರೆದ ದಿನಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡು ದಿನ ತಡ ಆದ್ರೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಒಂದು ಇಮೇಲ್, ರೂಮ್ ಕೊಟ್ಟವರಿಗೆ ಒಂದು ಇಮೇಲ್, ಅಷ್ಟೇ. ಅಲ್ಲಿ ಚಳಿಗಾಲದ ಸೆಮಿಸ್ಟರ್ ಲೆಕ್ಕಕ್ಕೆ ಅಕ್ಟೋಬರ್ 1ಕ್ಕೆ ಶುರು, ಪಾಠ ಶುರುವಾಗೋದು ಇನ್ನೂ ಸ್ವಲ್ಪ ದಿನ ಬಿಟ್ಟು. ಸೆಪ್ಟೆಂಬರ್ ಮೂರನೇ ವಾರ ಹೊರಟ್ರೆ ಅವಳ ಕೈಯಲ್ಲಿ ಬೇಕಾದಷ್ಟು ದಿನ ಇದೆ. ಮರ ಬಿದ್ದಿದ್ದು ಮಳೆಗಾಲ ಆದ್ದರಿಂದ, ಅದು ಶಕುನ ಅಲ್ಲ ಅಕ್ಕೋರೆ.

ಹಾಗಂತ ಮನೆಯಲ್ಲಿ ಹಿರಿಯರು ಒಳ್ಳೆ ದಿನ ಒಳ್ಳೆ ಗಳಿಗೆ ನೋಡ್ತೇವೆ ಅಂದ್ರೆ ಬೇಡ ಅನ್ನಬೇಡಿ. ಹಿಂದೆ ನಮ್ಮಲ್ಲಿ ಪ್ರಸ್ಥಾನ ಇಡೋ ಪದ್ಧತಿ ಇತ್ತಲ್ಲ, ಒಳ್ಳೆ ಮುಹೂರ್ತದಲ್ಲಿ ಬಟ್ಟೆಗಂಟು ಒಂದನ್ನ ಬೇರೆ ಮನೆಯಲ್ಲಿ ಇಟ್ಟು ಬಂದು ಆಮೇಲೆ ಅನುಕೂಲ ನೋಡಿ ಹೊರಡೋದು. ಅದನ್ನೇ ಮಾಡಿ. ಮುಹೂರ್ತಕ್ಕೆ ಮನೆಯಿಂದ ಹೊರಟು ಒಂದು ದಿನ ಮೊದಲೇ ಏರ್‌ಪೋರ್ಟ್ ಇರೋ ಊರಲ್ಲಿ ಹೋಗಿ ಉಳಿದ್ರೆ ಹಿರಿಯರ ಮನಸ್ಸಿಗೂ ಸಮಾಧಾನ, ನನ್ನ ಮನಸ್ಸಿಗೂ ಸಮಾಧಾನ. ಮಳೆಗಾಲದಲ್ಲಿ ಘಟ್ಟದ ಮೇಲಿನವರಿಗೆ ನಾನು ಟಿಕೆಟ್ ಮಾಡಿಕೊಡುವಾಗ ಹೇಳೋ ಮೊದಲ ಮಾತೇ ಇದು, ಅದೇ ದಿನ ಮನೆಯಿಂದ ಹೊರಟು ಅದೇ ದಿನ ವಿಮಾನ ಹತ್ತೋ ಲೆಕ್ಕ ಹಾಕ್ಬೇಡಿ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೇನೆ ಅಂದ್ರೆ 2024ರ ಜುಲೈ ನೆನಪಿದೆ. 16ನೇ ತಾರೀಕು ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಂತು, ಗಂಗಾವಳಿ ಹೊಳೆ ತನಕ ಮಣ್ಣು. ಎಷ್ಟು ಜೀವ ಹೋಯ್ತು ಅಂತ ನಮ್ಮ ಜಿಲ್ಲೆಯವರಿಗೆ ಹೇಳ್ಬೇಕಾಗಿಲ್ಲ. ಆ ದಿನ ನನ್ನ ಹತ್ರ ಟಿಕೆಟ್ ಮಾಡಿಸಿದ ಹೊನ್ನಾವರದ ಒಬ್ಬ ಹುಡುಗನಿಗೆ ಗೋವಾದಿಂದ ರಾತ್ರಿ ವಿಮಾನ ಇತ್ತು. ಕುಮಟಾದಿಂದ ಅಂಕೋಲಾಕ್ಕೆ 30 ಚಿಲ್ಲರೆ ಕಿಲೋಮೀಟರ್ ಅಷ್ಟೇ, ಆದ್ರೆ ಆ ದಾರಿಯೇ ಇಲ್ಲ, ಗಾಡಿ ಎಲ್ಲಾ ಘಟ್ಟ ಹತ್ತಿ ಸುತ್ತಿ ಇಳೀಬೇಕು, ಅಲ್ಲೂ ಮಳೆ, ಅಲ್ಲೂ ಮಣ್ಣು. ಅವನ ಅಪ್ಪ ನನ್ನ ಅಂಗಡಿ ಮುಂದೆ ಕಾರು ನಿಲ್ಲಿಸಿ ಸ್ಟೇರಿಂಗ್ ಹಿಡ್ಕೊಂಡು ಕೂತೇ ಇದ್ರು, ಇಂಜಿನ್ ಆಫ್ ಮಾಡ್ಲಿಲ್ಲ, ವೈಪರ್ ಆಡ್ತಾನೇ ಇತ್ತು, ಹಿಂದಿನ ಸೀಟಲ್ಲಿ ಹುಡುಗ ಪಾಸ್‌ಪೋರ್ಟ್ ಕವರನ್ನ ಎದೆಗೆ ಅವಚಿಕೊಂಡು ಕೂತಿದ್ದ. ನಾನು ಹೇಳಿದ್ದು ಒಂದೇ ಮಾತು, ಈಗ ಹೋಗೋದು ಬೇಡ, ಟಿಕೆಟ್ ಬದಲಾಯಿಸುವಾ. ಅವನದು ಗೋವಾದಿಂದ ಕೊನೆ ತನಕ ಒಂದೇ ಟಿಕೆಟ್ ಆಗಿತ್ತು, ವಿಮಾನದ ಟೈಮಿಗೆ ಮೊದಲೇ ಫೋನ್ ಮಾಡಿದ್ದರಿಂದ ತಾರೀಕು ಬದಲಾಯಿಸೋಕೆ ಆಯ್ತು, ನಾಲ್ಕು ದಿನ ಬಿಟ್ಟು ಬೆಂಗಳೂರಿಂದ ಹೋದ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತೆ ಸದಾಶಿವಗಡದ ಮಧ್ಯೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಗೋವಾಕ್ಕೆ ಹೋಗೋರೆಲ್ಲ ದಾಟೋ ಜಾಗ ಅದು. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದಕ್ಕೆ ಆಮೇಲೆ ಓಡಾಟ ನಡೀತು, ಆದ್ರೆ ಆ ರಾತ್ರಿ ಗೋವಾದ ದಾಬೋಲಿಂ ಏರ್‌ಪೋರ್ಟಿಗೆ ಹೊರಟವರಿಗೆ ಅದು ಗೊತ್ತಿತ್ತಾ ಹೇಳಿ.

ಟ್ರೈನ್ ಇದೆಯಲ್ಲ ಅನ್ನಬಹುದು. ಕೊಂಕಣ ರೈಲು ಒಳ್ಳೇದೇ, ಆದ್ರೆ ಮಳೆಗಾಲಕ್ಕೆ ಅದರ ಟೈಂಟೇಬಲ್ಲೇ ಬೇರೆ, ಗಾಡಿ ನಿಧಾನ ಓಡಿಸ್ತಾರೆ. ಅದೇ 2024ರ ಜುಲೈಯಲ್ಲಿ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ಗಾಡಿಗಳು ನಿಂತೇ ಹೋದ್ವು. ಟ್ರೈನನ್ನ ನಂಬಿ, ಆದ್ರೆ ಒಂದು ದಿನ ಕೈಯಲ್ಲಿ ಇಟ್ಕೊಂಡು ನಂಬಿ.

ಇನ್ನೊಂದು, ಇವತ್ತೇ ಮಗಳಿಗೆ ಕೇಳಿ, ಗೋವಾದ ಯಾವ ಏರ್‌ಪೋರ್ಟು ಅಂತ. ಗೋವಾದಲ್ಲಿ ಈಗ ಎರಡಿದೆ. ವಾಸ್ಕೋ ಹತ್ರದ ದಾಬೋಲಿಂ ಹಳೇದು, ಟಿಕೆಟಲ್ಲಿ ಜಿಒಐ ಅಂತ ಇರ್ತದೆ. ಉತ್ತರಕ್ಕೆ ಪೆರ್ನೆಂ ತಾಲೂಕಲ್ಲಿ ಮೋಪಾ ಹೊಸದು, 2023ರ ಜನವರಿಯಲ್ಲಿ ಶುರುವಾಯ್ತು, ಅದಕ್ಕೆ ಜಿಒಎಕ್ಸ್. ಒಂದು ಅಕ್ಷರದ ವ್ಯತ್ಯಾಸ, ದಾರಿಯಲ್ಲಿ ಒಂದೂವರೆ ತಾಸಿನ ವ್ಯತ್ಯಾಸ. ನಮ್ಮ ಕಡೆಯವರು ಗೋವಾ ಏರ್‌ಪೋರ್ಟ್ ಅಂದ ತಕ್ಷಣ ಮಡಗಾಂವ ದಾಟಿ ವಾಸ್ಕೋ ಕಡೆ ಗಾಡಿ ತಿರುಗಿಸ್ತಾರೆ, ಅಲ್ಲಿ ಬಾಗಿಲಲ್ಲಿ ನಿಂತ ಸಿಐಎಸ್‌ಎಫ್‌ನವರು ಟಿಕೆಟ್ ನೋಡಿ ಇಲ್ಲಲ್ಲ ಅಂದ ಮೇಲೆ ಅಳೋದು, ಇದು ನನ್ನ ಗಿರಾಕಿಗಳಲ್ಲೇ ಮೂರು ಸಲ ಆಗಿದೆ. ಮುಂಬೈಯೂ ಈಗ ಹಾಗೇ, 2025ರ ಡಿಸೆಂಬರಿಂದ ನವಿ ಮುಂಬೈ ಏರ್‌ಪೋರ್ಟಲ್ಲೂ ವಿಮಾನ ಇಳೀತದೆ. ಟಿಕೆಟಲ್ಲಿ ಬಿಒಎಂ ಇದ್ಯಾ ಎನ್‌ಎಂಐ ಇದ್ಯಾ ನೋಡಿ. ಇಳಿಯೋದು ಒಂದು ಕಡೆ, ಹತ್ತೋದು ಇನ್ನೊಂದು ಕಡೆ ಆಗಿದ್ರೆ ಮುಂದಿನದು ಓದೋದೇ ಬೇಡ, ಟಿಕೆಟ್ ಬದಲಾಯಿಸ್ಲೇಬೇಕು.

ಈಗ ಆ 3 ತಾಸು 20 ನಿಮಿಷದ ಲೆಕ್ಕಕ್ಕೆ ಬರುವಾ. ನೀವು ಗಣಿತ ಕಲಿಸ್ತೀರಲ್ಲ, ಒಟ್ಟಿಗೆ ಹಾಕುವಾ. ಒಟ್ಟು 200 ನಿಮಿಷ. ಅಂತಾರಾಷ್ಟ್ರೀಯ ವಿಮಾನದ ಚೆಕ್-ಇನ್ ಕೌಂಟರ್, ಅಂದ್ರೆ ಬ್ಯಾಗ್ ಕೊಟ್ಟು ಬೋರ್ಡಿಂಗ್ ಪಾಸ್ ತಗೊಳ್ಳೋ ಜಾಗ, ಹೊರಡೋ ಟೈಮಿಗೆ 60 ನಿಮಿಷ ಮೊದಲೇ ಬಂದ್ ಆಗ್ತದೆ, ಆಮೇಲೆ ಕಾಲು ಹಿಡಿದ್ರೂ ಬ್ಯಾಗ್ ತಗೊಳ್ಳೋದಿಲ್ಲ. ಉಳೀತು 140. ಎರಡು ಟಿಕೆಟ್ ಬೇರೆ ಬೇರೆ ಆದ್ದರಿಂದ ಬ್ಯಾಗ್ ಮುಂಬೈಯಲ್ಲಿ ಹೊರಗೆ ಬರ್ತದೆ, ಅವಳೇ ಬೆಲ್ಟಿಂದ ಎತ್ಕೊಳ್ಬೇಕು, 40 ನಿಮಿಷ ಇಟ್ಕೊಳ್ಳಿ. ಉಳೀತು 100. ಮುಂಬೈಯಲ್ಲಿ ಟರ್ಮಿನಲ್ 1 ಮತ್ತೆ 2 ಒಂದೇ ಕಟ್ಟಡ ಅಲ್ಲ, ಮಧ್ಯೆ ನಾಲ್ಕೈದು ಕಿಲೋಮೀಟರ್ ರಸ್ತೆ, ದೇಶದ ಒಳಗಿನ ವಿಮಾನ ಒಂದರಲ್ಲಿ ಇಳಿಸಿದ್ರೆ ಟ್ಯಾಕ್ಸಿ ಹಿಡಿದು ಎರಡಕ್ಕೆ ಹೋಗ್ಬೇಕು, ಟ್ಯಾಕ್ಸಿ ಮತ್ತೆ ಬಾಗಿಲ ಕ್ಯೂ ಸೇರಿ 45. ಉಳಿದಿದ್ದು 55 ನಿಮಿಷ. ಇದರಲ್ಲಿ ಚೆಕ್-ಇನ್ ಕ್ಯೂ ಬಂತು. ಗೋವಾದಿಂದ ಹೊರಡೋ ವಿಮಾನ ಮಳೆಗೆ ಮುಕ್ಕಾಲು ತಾಸು ತಡ ಆದ್ರೆ ಏನೂ ಉಳಿಯೋದಿಲ್ಲ. ಸೆಪ್ಟೆಂಬರಲ್ಲಿ ಮುಂಬೈಯಲ್ಲಿ ಮುಕ್ಕಾಲು ತಾಸು ತಡ ಅನ್ನೋದು ದೊಡ್ಡ ವಿಷಯವೇ ಅಲ್ಲ.

ಮತ್ತೆ ಹೀಗೆ ತಪ್ಪಿದ್ರೆ ಏನಾಗ್ತದೆ ಅಂತ ಬಹಳ ಜನಕ್ಕೆ ಸರಿಯಾಗಿ ಗೊತ್ತಿಲ್ಲ, ಮುಂದಿನ ವಿಮಾನದಲ್ಲಿ ಕೂರಿಸ್ತಾರಲ್ಲ ಅಂತ ಅಂದ್ಕೋತಾರೆ. ಒಂದೇ ಟಿಕೆಟ್, ಅಂದ್ರೆ ಒಂದೇ ಪಿಎನ್‌ಆರ್ ಆಗಿದ್ರೆ ಕೂರಿಸ್ತಾರೆ. ಮೊದಲ ವಿಮಾನ ತಡ ಆಗಿ ಎರಡನೇದು ತಪ್ಪಿದ್ರೆ ಅವಳನ್ನ ಊರು ಮುಟ್ಟಿಸೋ ಹೊಣೆ ಕಂಪನಿದೇ, ಬ್ಯಾಗೂ ನೇರ ಫ್ರಾಂಕ್‌ಫರ್ಟಿಗೇ ಹೋಗ್ತದೆ. ಎರಡು ಟಿಕೆಟ್ ಆದ್ರೆ ಎರಡನೇ ಕಂಪನಿ ಲೆಕ್ಕದಲ್ಲಿ ನಿಮ್ಮ ಮಗಳು ಸುಮ್ಮನೆ ಬರಲಿಲ್ಲ ಅಷ್ಟೇ, ಅದಕ್ಕೆ ನೋ-ಶೋ ಅಂತಾರೆ. ಮಳೆ, ಮೊದಲ ಕಂಪನಿ ತಡ, ಇದ್ಯಾವುದೂ ಅವರಿಗೆ ಸಂಬಂಧ ಇಲ್ಲ. ಆ ಹೊತ್ತಲ್ಲಿ ಕೌಂಟರ್ ಮುಂದೆ ನಿಂತು ಹೊಸ ಟಿಕೆಟ್ ತಗೊಳ್ಳೋದಾದ್ರೆ ನಾನು ಕಂಡ ಹಾಗೆ ನಲವತ್ತು ಐವತ್ತು ಸಾವಿರಕ್ಕೆ ಕಮ್ಮಿ ಸಿಕ್ಕಿದ್ದು ಅಪರೂಪ. ಆರು ಸಾವಿರ ಉಳಿಸೋಕೆ ಹೋಗಿ ಇಷ್ಟು ದೊಡ್ಡ ಗಂಡಾಂತರ ತಲೆ ಮೇಲೆ ಹೊತ್ಕೊಂಡ ಹಾಗಾಯ್ತು. ಮಗಳನ್ನ ಬೈಬೇಡಿ ಮಾತ್ರ, ಆ ಆಪ್‌ಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳೋ ಹಾಗೆ ಬರೆದಿರೋದಿಲ್ಲ, ಓದಿದವರೂ ಬೀಳ್ತಾರೆ.

ಇನ್ನೊಂದು ಕಣ್ಣಿಗೆ ಕಾಣದ ಖರ್ಚು ತೂಕದ್ದು. ಫ್ರಾಂಕ್‌ಫರ್ಟ್ ಟಿಕೆಟಲ್ಲಿ ಇಪ್ಪತ್ತೈದೋ ಮೂವತ್ತೋ ಕೆಜಿ ಕೊಟ್ಟಿರ್ತಾರೆ, ಗೋವಾ-ಮುಂಬೈ ಟಿಕೆಟಲ್ಲಿ ಸಾಮಾನ್ಯವಾಗಿ 15 ಕೆಜಿ. ಬೇರೆ ಬೇರೆ ಟಿಕೆಟ್ ಆದ್ರೆ ಮೊದಲ ವಿಮಾನದಲ್ಲೇ ಹೆಚ್ಚಿನ ಕೆಜಿಗೆ ದುಡ್ಡು ಕಟ್ಟಬೇಕು. ಉಳಿದ ಆರು ಸಾವಿರದಲ್ಲಿ ದೊಡ್ಡ ಪಾಲು ಅಲ್ಲೇ ಹೋಗ್ತದೆ.

ಹಾಗಾದ್ರೆ ಏನು ಮಾಡ್ಬಹುದು? ನಿಮ್ಮ ಜಾಗದಲ್ಲಿ ನಾನಿದ್ರೆ ಮೊದಲು ಎರಡೂ ಟಿಕೆಟ್ ಕ್ಯಾನ್ಸಲ್ ಮಾಡಿದ್ರೆ ಎಷ್ಟು ವಾಪಸ್ ಬರ್ತದೆ ನೋಡ್ತಿದ್ದೆ. ಬಹಳ ಲುಕ್ಸಾನಿಲ್ಲ ಅಂದ್ರೆ ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಒಂದೇ ಪಿಎನ್‌ಆರ್ ಮಾಡಿಸ್ತಿದ್ದೆ. ಶಿರಸಿಯಿಂದ ಬೆಂಗಳೂರು 400 ಕಿಲೋಮೀಟರ್ ಆಸುಪಾಸು, ರಾತ್ರಿ ಬಸ್ಸು ಬೇಕಾದಷ್ಟಿದೆ, ಶಿವಮೊಗ್ಗ ಕಡೆಯಿಂದಲೋ ಹುಬ್ಬಳ್ಳಿ ಕಡೆಯಿಂದಲೋ ಹೋಗ್ಬಹುದು, ಕರಾವಳಿಗೆ ಇಳಿಯೋ ಘಟ್ಟ ಯಾವುದೂ ಮಧ್ಯೆ ಬರೋದಿಲ್ಲ, ಒಂದು ದಾರಿ ಕಟ್ಟಿದ್ರೆ ಇನ್ನೊಂದು ಇರ್ತದೆ. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಮಧ್ಯೆ ಎಲ್ಲೂ ಇಳಿಯದ ವಿಮಾನವೂ ಇದೆ, ಮೊದಲ ಸಲ ಹೋಗೋ ಮಕ್ಕಳಿಗೆ ಅದರಷ್ಟು ಸುಲಭದ್ದು ಯಾವುದೂ ಇಲ್ಲ, ರೇಟು ಸ್ವಲ್ಪ ಜಾಸ್ತಿ. ಅಂತಾರಾಷ್ಟ್ರೀಯ ವಿಮಾನ ಎಲ್ಲಾ ಅಲ್ಲಿ ಟರ್ಮಿನಲ್ 2ರಿಂದ. ಹಿಂದಿನ ದಿನ ಬೆಳಿಗ್ಗೆ ಮುಟ್ಟೋ ಹಾಗೆ ಹೋಗಿ, ನೆಂಟರ ಮನೆಯಲ್ಲಿ ನಿದ್ದೆ ಮಾಡಿ ಹತ್ತಿಸಿ.

ಕ್ಯಾನ್ಸಲ್ ಮಾಡಿದ್ರೆ ದುಡ್ಡೆಲ್ಲ ಹೋಗ್ತದೆ ಅನ್ನೋದಾದ್ರೆ ಫ್ರಾಂಕ್‌ಫರ್ಟ್ ಟಿಕೆಟ್ ಹಾಗೇ ಇಟ್ಕೊಂಡು ಗೋವಾ-ಮುಂಬೈ ವಿಮಾನವನ್ನ ಒಂದು ದಿನ ಹಿಂದಕ್ಕೆ ಹಾಕ್ಸಿ, ಮುಂಬೈಯಲ್ಲಿ ಒಂದು ರಾತ್ರಿ ಉಳಿಯೋದು. ಅಥವಾ ಆ ವಿಮಾನ ಬಿಟ್ಟೇಬಿಟ್ಟು ಕುಮಟಾದಿಂದ ಮತ್ಸ್ಯಗಂಧ ಟ್ರೈನ್ ಹಿಡಿದು ಒಂದು ದಿನ ಮೊದಲೇ ಮುಂಬೈಯ ಕುರ್ಲಾದಲ್ಲಿ ಇಳಿಯೋದು, ಜೊತೆಗೆ ನೀವೂ ಹೋಗ್ಬಹುದು, ತೂಕದ ತಾಪತ್ರಯವೂ ಇಲ್ಲ. ಇಲ್ಲಿ ಒಂದು ಎಚ್ಚರಿಕೆ, ಇದನ್ನ ದಪ್ಪ ಅಕ್ಷರದಲ್ಲಿ ಬರೆದ ಹಾಗೆ ಓದ್ಕೊಳ್ಳಿ. ನಿಮ್ಮದು ಎರಡು ಬೇರೆ ಟಿಕೆಟ್ ಆದ್ದರಿಂದ ಮಾತ್ರ ಮೊದಲನೇದನ್ನ ಬಿಡಬಹುದು. ಗೋವಾದಿಂದಲೇ ಒಂದೇ ಟಿಕೆಟ್ ಇದ್ದವರು ರಸ್ತೆ ಕಟ್ಟಿದೆ, ಟ್ರೈನಲ್ಲಿ ಮುಂಬೈಗೆ ಹೋಗಿ ಅಲ್ಲಿಂದ ಹತ್ತುತ್ತೇನೆ ಅಂತ ತಾವೇ ತೀರ್ಮಾನ ಮಾಡಿದ್ರೆ, ಮೊದಲ ವಿಮಾನಕ್ಕೆ ಬರಲಿಲ್ಲ ಅಂತ ಮುಂದಿನದು ಎಲ್ಲಾ ತನ್ನಷ್ಟಕ್ಕೆ ರದ್ದಾಗ್ತದೆ. ಮುಂಬೈ ಕೌಂಟರಲ್ಲಿ ನಿಮ್ಮ ಹೆಸರೇ ಇಲ್ಲ ಅಂತಾರೆ. ಏನೇ ಬದಲಾವಣೆ ಇದ್ರೂ ಮೊದಲ ವಿಮಾನ ಹೊರಡೋ ಮೊದಲೇ ಕಂಪನಿಗೆ ಫೋನ್ ಮಾಡಿ ಟಿಕೆಟಲ್ಲೇ ಬದಲಾಯಿಸ್ಕೊಳ್ಬೇಕು.

ಈಗ ಪಕ್ಕದ ಮನೆ ಪಾರ್ಸಲ್ಲು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು, ಬೇಜಾರಾದ್ರೂ ಅಡ್ಡಿಲ್ಲ. ಪಕ್ಕದ ಮನೆಯವರು ಒಳ್ಳೆಯವರೇ, ಅವರ ಮನಸ್ಸಲ್ಲಿ ಮಗನಿಗೆ ಊರಿನ ರುಚಿ ಮುಟ್ಟಲಿ ಅನ್ನೋದು ಬಿಟ್ಟು ಬೇರೇನೂ ಇಲ್ಲ. ತೊಂದ್ರೆ ಇರೋದು ಡಬ್ಬಿ ಒಳಗಿನ ಸಾಮಾನಲ್ಲಿ. ನಮ್ಮ ಕಡೆ ಪಾರ್ಸಲಲ್ಲಿ ಏನಿರ್ತದೆ? ಗಸಗಸೆ ಇರ್ತದೆ, ಪಾಯಸಕ್ಕೆ. ಆ ಗಸಗಸೆ ದುಬೈಯಲ್ಲಿ ಮಾದಕ ವಸ್ತುವಿನ ಲೆಕ್ಕ, ಯುಎಇಗೆ ತರೋ ಹಾಗೇ ಇಲ್ಲ, ಸಿಕ್ಕಿದ್ರೆ ಜೈಲು. ಬ್ಯಾಗ್ ದುಬೈಯಲ್ಲಿ ಹೊರಗೆ ಬರೋದಿಲ್ಲವಲ್ಲ ಅನ್ನಬೇಡಿ, 2024ರ ಏಪ್ರಿಲ್ 16ಕ್ಕೆ ದುಬೈಯಲ್ಲಿ ಮಳೆ ಹೊಡೆದು ಏರ್‌ಪೋರ್ಟೇ ನೀರಾಗಿ ಸಾವಿರಾರು ಜನ ಅಲ್ಲೇ ಸಿಕ್ಕಿಹಾಕಿಕೊಂಡ್ರು, ಅಂಥ ದಿನ ಬಂದ್ರೆ ಬ್ಯಾಗೂ ಹೊರಗೆ ಬರಬಹುದು, ಅವಳೂ ಹೊರಗೆ ಹೋಗ್ಬೇಕಾಗಬಹುದು. ವಿಚಿತ್ರ ಅಂದ್ರೆ ಜರ್ಮನಿಯಲ್ಲಿ ಅದೇ ಗಸಗಸೆಯನ್ನ ಬನ್ನಿನ ಮೇಲೆ ಉದುರಿಸಿ ಬೇಕರಿ ಬೇಕರಿಯಲ್ಲಿ ಮಾರ್ತಾರೆ, ಅಂಗಡಿಯಲ್ಲೇ ಸಿಗ್ತದೆ, ಇಲ್ಲಿಂದ ಹೊರೋ ಅಗತ್ಯವೇ ಇಲ್ಲ. ಕವಳದ ಸಾಮಾನು, ಎಲೆ ಅಡಿಕೆ, ಅದೂ ಆ ದಾರಿಯಲ್ಲಿ ಬೇಡ. ಒಣ ಕೊಬ್ಬರಿ ಇರ್ತದೆ, ಅದರಲ್ಲಿ ಎಣ್ಣೆ ಜಾಸ್ತಿ, ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡೀಬಹುದು ಅಂತ ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿದೆ. ತುಪ್ಪ, ಪೇಡೆ, ಹಾಲಿನ ಸ್ವೀಟು ಇರ್ತದೆ, ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿಗೆ ಪ್ರಯಾಣಿಕರು ತರೋ ಹಾಗಿಲ್ಲ. ಹಸಿ ಕರಿಬೇವು, ತರಕಾರಿ, ಹಣ್ಣಿಗೂ 2019ರ ಡಿಸೆಂಬರಿಂದ ಸಸ್ಯ ಆರೋಗ್ಯ ಸರ್ಟಿಫಿಕೇಟ್ ಬೇಕು, ಅದರಲ್ಲಿ ಬಿಟ್ಟಿರೋದು ಐದೇ ಐದು: ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ದುರಿಯನ್. ಮತ್ತೆ ಅಮ್ಮಂದಿರು ಕೊನೆಗೆ ತುರುಕೋ ಮಾತ್ರೆ ಪಟ್ಟಿ, ನೋವಿನ ಮಾತ್ರೆ, ಕೆಮ್ಮಿನ ಔಷಧದಲ್ಲಿ ಕೆಲವು ದುಬೈಯಲ್ಲಿ ನಿಯಂತ್ರಣದಲ್ಲಿವೆ. ಅವಳ ಸ್ವಂತ ಮಾತ್ರೆಗೇ ಡಾಕ್ಟರ ಚೀಟಿ ಬೇಕು, ಬೇರೆಯವರ ಮಾತ್ರೆ ಯಾಕೆ?

ಹೇಗೆ ಹೇಳೋದು ಅಂತ ಕೇಳಿದ್ರೆ, ಮುಚ್ಚಿದ ಪಾರ್ಸಲ್ ಬೇಡ, ಏನು ಕೊಡ್ತೀರಿ ಚೀಟಿ ಬರೆದು ಕೊಡಿ, ಆಗೋದನ್ನ ನಾವೇ ಅಂಗಡಿಯಿಂದ ತಂದು ನಾವೇ ತುಂಬ್ತೇವೆ ಅನ್ನಿ. ಹಲಸಿನ ಹಪ್ಪಳ, ಬಿರಿಂಡೆ (ಕೋಕಂ) ಸಿಪ್ಪೆ ಒಣಗಿಸಿದ್ದು, ಮಸಾಲೆ ಪುಡಿ ಸೀಲ್ ಪ್ಯಾಕೆಟ್ಟು, ಇಂಥದ್ದು ಒಂದು ಕೆಜಿ. ಬೇಕಾದ್ರೆ ಏಜೆಂಟ್ ಬೇಡ ಅಂದ್ರು ಅಂತ ನನ್ನ ಮೇಲೆ ಹಾಕಿ, ನನಗೆ ಅಡ್ಡಿಲ್ಲ.

ಇದೇ ಮಾತು ದಾರಿಯಲ್ಲಿ ಸಿಗೋ ಅಪರಿಚಿತರಿಗೂ. ನೀವು ಕೇಳಿದ್ರಿ, ಯಾರನ್ನ ನಂಬ್ಬಹುದು ಅಂತ. ನಾನು ಮಕ್ಕಳಿಗೆ ಹೇಳಿಕೊಡೋದು ಮುಖ ನೋಡಿ ಅಳೀಬೇಡಿ, ಕೈ ನೋಡಿ ಅಂತ. ಮಾತಲ್ಲಿ ಮುಗಿಯೋ ಸಹಾಯ ಯಾರು ಮಾಡಿದ್ರೂ ತಗೊಳ್ಳಿ, ಯಾರಿಗೆ ಬೇಕಾದ್ರೂ ಮಾಡಿ. ದಾರಿ ತೋರ್ಸೋದು, ಫಾರ್ಮ್ ಓದಿ ಹೇಳೋದು, ಯಾವ ಗೇಟು ಅಂತ ಕೇಳೋದು. ಸಾಮಾನೋ ದುಡ್ಡೋ ಪಾಸ್‌ಪೋರ್ಟೋ ಫೋನೋ ಕೈ ಬದಲಾಗೋ ಸಹಾಯ ಆದ್ರೆ, ಎಷ್ಟೇ ಚೆಂದ ಕನ್ನಡ ಮಾತಾಡಿದ್ರೂ, ಬೇಡ. ನನ್ನ ಹತ್ರ ಹೋದ ಒಬ್ಬ ಹುಡುಗನಿಗೆ ಕ್ಯೂನಲ್ಲಿ ಸಿಕ್ಕಿದ ಒಬ್ಬರು ನನ್ನ ಬ್ಯಾಗು ನಾಲ್ಕು ಕೆಜಿ ಜಾಸ್ತಿ ಆಗಿದೆ ತಮ್ಮಾ, ಈ ಕವರ್ ಒಂದು ನಿನ್ನ ಬ್ಯಾಗಲ್ಲಿ ಹಾಕ್ಕೋ ಅಂದ್ರು, ಇವ ಹಾಕ್ಕೊಂಡ. ಸ್ಕ್ಯಾನಿಂಗಲ್ಲಿ ನಿಲ್ಲಿಸಿದ್ರು, ಒಳಗೆ ಹೆಸರಿಲ್ಲದ ಮಾತ್ರೆ ಪಟ್ಟಿ. ಕೊಟ್ಟವರು ಅಷ್ಟು ಹೊತ್ತಿಗೆ ಎಲ್ಲೂ ಇಲ್ಲ. ಪುಣ್ಯಕ್ಕೆ ಅದು ಗಂಭೀರದ್ದಲ್ಲ ಅಂತ ಆಯ್ತು, ಆದ್ರೆ ಮೂರು ತಾಸು ವಿಚಾರಣೆ, ವಿಮಾನ ಹೋಯ್ತು. ಅದೇ ಮಾದಕ ವಸ್ತು ಆಗಿದ್ರೆ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ನನಗೆ ಗೊತ್ತಿರಲಿಲ್ಲ ಅನ್ನೋದನ್ನ ಸಾಬೀತು ಮಾಡೋ ಭಾರ ಬ್ಯಾಗ್ ಯಾರ ಕೈಯಲ್ಲಿತ್ತೋ ಅವರ ಮೇಲೇ.

ಇನ್ನೊಂದು ಥರದ್ದೂ ಹೇಳ್ಬೇಕು, ಇಲ್ಲಾ ಅಂದ್ರೆ ಲೋಕದ ಮೇಲೇ ಅನುಮಾನ ಹತ್ತಿಸಿ ಕಳಿಸಿದ ಹಾಗಾಗ್ತದೆ. ಅಂಕೋಲಾದ ಒಬ್ಬಳು ಹುಡುಗಿ ದುಬೈಯಲ್ಲಿ ಇಳಿದಾಗ ಅವಳ ಮುಂದಿನ ವಿಮಾನ ಹೋಗಿಯಾಗಿತ್ತು, ಫೋನಲ್ಲಿ ಚಾರ್ಜ್ ಮೂರು ಪರ್ಸೆಂಟ್. ಅಮ್ಮನಿಗೆ ಫೋನ್ ಹಚ್ಚಿ ಆಯೀ, ವಿಮಾನ ತಪ್ಪಿಹೋಯ್ತು ಅನ್ನೋವಷ್ಟರಲ್ಲಿ ಫೋನ್ ಬಂದ್. ಕಂಬಕ್ಕೆ ಒರಗಿ ನಿಂತು ಅಳ್ತಾ ಇದ್ದಾಗ ನೆಲ ಒರೆಸೋ ಮೆಷಿನ್ ತಳ್ಳಿಕೊಂಡು ಬಂದವರೊಬ್ಬರು ನಿಂತು, ಯಾವೂರಮ್ಮಾ, ಕಾರವಾರ ಕಡೆಯಾ ಅಂದ್ರಂತೆ. ಭಟ್ಕಳದವರು. ಮೆಷಿನ್ ಬದಿಗೆ ನಿಲ್ಲಿಸಿ, ಅವಳ ಬ್ಯಾಗನ್ನ ಮುಟ್ಟಲಿಲ್ಲ, ಮುಂದೆ ಮುಂದೆ ನಡೆದು ಟ್ರಾನ್ಸ್‌ಫರ್ ಡೆಸ್ಕ್, ಅಂದ್ರೆ ಮುಂದಿನ ವಿಮಾನ ಹೊಂದಿಸಿಕೊಡೋ ಕೌಂಟರ್, ತೋರಿಸಿ, ಬೋರ್ಡಿಂಗ್ ಪಾಸ್ ಕೌಂಟರಲ್ಲಿ ಕೊಡು, ತಪ್ಪಿದ್ದು ನಿನ್ನ ತಪ್ಪಿಂದ ಅಲ್ಲ ಅಂತ ಮೊದಲೇ ಹೇಳು ಅಂದ್ರಂತೆ, ಚಾರ್ಜ್ ಮಾಡೋ ಜಾಗ ತೋರಿಸಿ ಹೋದ್ರು. ಒಂದೇ ಟಿಕೆಟ್ ಆಗಿದ್ದರಿಂದ ಆರು ತಾಸಲ್ಲಿ ಬೇರೆ ವಿಮಾನ ಕೊಟ್ರು, ಊಟದ ಕೂಪನ್ನೂ ಕೊಟ್ರು. ಆ ಹುಡುಗಿಗೆ ಅವರ ಹೆಸರು ಕೇಳೋಕೂ ನೆನಪಾಗಿರಲಿಲ್ಲ, ಊರಿಗೆ ಬಂದಾಗ ನನ್ನ ಹತ್ರ ಹೇಳಿ ಈಗ್ಲೂ ಬೇಜಾರು ಮಾಡ್ಕೋತಾಳೆ. ನಮ್ಮ ಜಿಲ್ಲೆಯವರು ಗಲ್ಫಲ್ಲಿ ಎಲ್ಲಿ ನೋಡಿದ್ರೂ ಇದ್ದಾರೆ ಅಕ್ಕೋರೆ, ಅದ್ರಲ್ಲೂ ಭಟ್ಕಳ ಹೊನ್ನಾವರದವರು. ಹೆದರಿ ಮೂಲೆಯಲ್ಲಿ ನಿಲ್ಲೋದಕ್ಕಿಂತ ಬಾಯಿ ಬಿಟ್ಟು ಕೇಳೋದು ಕಲಿಸಿ ಕಳಿಸಿ. ಮೊದಲು ಯೂನಿಫಾರ್ಮ್ ಹಾಕಿ ಕೌಂಟರಲ್ಲಿ ಕೂತವರನ್ನ, ಆಮೇಲೆ ಮಕ್ಕಳು ಮರಿ ಕಟ್ಕೊಂಡು ಹೊರಟ ಸಂಸಾರದವರನ್ನ.

ಬ್ಯಾಗ್ ಕಳೆದ್ರೆ ಅನ್ನೋ ಹೆದರಿಕೆಗೆ ಮದ್ದು ಒಂದೇ, ಕಳೆದ್ರೆ ಜೀವ ಹೋಗೋ ಸಾಮಾನು ಚೆಕ್-ಇನ್‌ನಲ್ಲಿ ಕೊಡೋ ದೊಡ್ಡ ಬ್ಯಾಗಲ್ಲಿ ಇಡ್ಲೇಬಾರದು. ಮಾರ್ಕ್ಸ್‌ಕಾರ್ಡ್, ಡಿಗ್ರಿ, ಎಪಿಎಸ್ ಸರ್ಟಿಫಿಕೇಟ್ (ನಮ್ಮ ಓದಿನ ಕಾಗದ ಅಸಲಿ ಅಂತ ಜರ್ಮನಿಯವರು ಕೊಡೋದು), ಅಡ್ಮಿಷನ್ ಪತ್ರ, ಬ್ಲಾಕ್ಡ್ ಅಕೌಂಟ್ (ವೀಸಾಕ್ಕೆ ಅಂತ ಮೊದಲೇ ಖರ್ಚಿನ ದುಡ್ಡು ಕಟ್ಟಿಟ್ಟ ಖಾತೆ) ಪತ್ರ, ಇನ್ಶೂರೆನ್ಸ್, ರೂಮಿನ ವಿಳಾಸ, ಎಲ್ಲಾ ಒರಿಜಿನಲ್ ಒಂದು ಫೈಲಲ್ಲಿ, ಫೈಲು ಹೆಗಲ ಬ್ಯಾಗಲ್ಲಿ. ಫ್ರಾಂಕ್‌ಫರ್ಟಲ್ಲಿ ಇಮಿಗ್ರೇಷನ್‌ನವರು ಕೇಳಿದ್ರೆ ತಕ್ಷಣ ತೆಗೆದು ತೋರ್ಸೋಕೆ ಆಗ್ಬೇಕು. ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಮಾತ್ರೆ, ಚಾರ್ಜರೂ ಅದೇ ಬ್ಯಾಗಲ್ಲಿ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ. ಬೆಲ್ಟಲ್ಲಿ ಬ್ಯಾಗ್ ಬರಲಿಲ್ಲ ಅಂದ್ರೆ ಹೊರಗೆ ಹೋಗೋ ಮೊದಲೇ ಅಲ್ಲೇ ಲಗೇಜ್ ಕೌಂಟರಲ್ಲಿ ಪಿಐಆರ್ ಅಂತ ಒಂದು ದೂರು ಬರೆಸಿ ಅದರ ನಂಬರ್ ತಗೊಳ್ಬೇಕು, ಚೆಕ್-ಇನ್‌ನಲ್ಲಿ ಕೊಟ್ಟ ಟ್ಯಾಗ್ ಚೂರು ಬಿಸಾಡ್ಬಾರದು. ಬಹುತೇಕ ಬ್ಯಾಗು ಒಂದೆರಡು ದಿನದಲ್ಲಿ ಮನೆಗೇ ಬರ್ತದೆ. ಬಂದ ಬ್ಯಾಗು ಒಡೆದಿದ್ರೆ 7 ದಿನದ ಒಳಗೆ ಬರೆದು ತಿಳಿಸ್ಬೇಕು, ತಡವಾಗಿ ಬಂದದ್ದಕ್ಕೆ ಖರ್ಚು ಕೇಳೋದಾದ್ರೆ ಬ್ಯಾಗ್ ಕೈಗೆ ಸಿಕ್ಕಿ 21 ದಿನದ ಒಳಗೆ, 21 ದಿನ ಕಳೆದ್ರೂ ಬರಲೇ ಇಲ್ಲ ಅಂದ್ರೆ ಕಳೆದದ್ದು ಅಂತಲೇ ಲೆಕ್ಕ. ಮಾಂಟ್ರಿಯಲ್ ಒಪ್ಪಂದ ಅಂತ ಇದೆ, ಭಾರತವೂ ಅದರಲ್ಲಿದೆ. ಮಧ್ಯೆ ಕೊಂಡ ಬಟ್ಟೆ ಸಾಬೂನಿನ ಬಿಲ್ಲೂ ಇಟ್ಕೊಳ್ಳಲಿ.

ಬ್ಲಾಕ್ಡ್ ಅಕೌಂಟಲ್ಲಿ 11,904 ಯೂರೋ ಹಾಕಿದ್ದೀರಿ, ದುಡ್ಡಿಗೆ ಚಿಂತೆ ಇಲ್ಲ ಅಂತ ಕೂರ್ಬೇಡಿ. ಅದು ತಿಂಗಳಿಗೆ 992ರ ಹಾಗೆ ಬಿಡುಗಡೆ ಆಗೋದು, ಅದೂ ಅಲ್ಲಿ ಹೋಗಿ ಬ್ಯಾಂಕ್ ಅಕೌಂಟ್ ಎಲ್ಲಾ ಆದ ಮೇಲೆ. ಮೊದಲ ಎರಡು ಮೂರು ವಾರದ ಖರ್ಚು, ರೂಮಿನ ಡಿಪಾಸಿಟ್ಟು, ಯೂರೋ ತುಂಬಿಸಿಟ್ಟ ಫಾರೆಕ್ಸ್ ಕಾರ್ಡಲ್ಲೂ ಸ್ವಲ್ಪ ನೋಟಲ್ಲೂ ಬೇರೆ ಇರಬೇಕು. ಊರಿನ ಸಿಮ್ಮಿಗೆ ರೋಮಿಂಗ್ ಹಾಕ್ಸಿ, ಇಲ್ಲದಿದ್ರೆ ಬ್ಯಾಂಕ್ ಒಟಿಪಿ ಬರೋದಿಲ್ಲ, ಕಾರ್ಡಿದ್ದೂ ಕೈ ಕಟ್ಟಿಹಾಕಿದ ಹಾಗೆ. ಫ್ರಾಂಕ್‌ಫರ್ಟಿಂದ ಮ್ಯಾಗ್ಡೆಬರ್ಗಿಗೆ ಟ್ರೈನ್ ಟಿಕೆಟ್ಟನ್ನ ಚೀಪ್ ಅಂತ ಮೊದಲೇ ಒಂದೇ ಗಾಡಿಗೆ ಕಟ್ಟಿಹಾಕೋ ಥರದ್ದು ಮಾಡಿಸ್ಬೇಡಿ, ವಿಮಾನ ತಡ ಆದ್ರೆ ಆ ಟಿಕೆಟ್ ದಂಡ. ಯಾವ ಗಾಡಿಗಾದ್ರೂ ಆಗೋ ಟಿಕೆಟ್ ತಗೊಳ್ಳಲಿ. ಅಲ್ಲಿ ಏರ್‌ಪೋರ್ಟಲ್ಲೇ ಎರಡು ಸ್ಟೇಷನ್ ಇದೆ, ದೂರದ ಗಾಡಿಗೆ ಫರ್ನ್‌ಬಾನ್‌ಹೋಫ್ ಅಂತ ಬೋರ್ಡ್ ನೋಡ್ಬೇಕು. ರೂಮಿಗೆ ಹೋದ ಮೇಲೆ ಎರಡು ವಾರದ ಒಳಗೆ ಊರಿನ ಆಫೀಸಲ್ಲಿ ವಿಳಾಸ ನೋಂದಾಯಿಸ್ಬೇಕು, ಅದಕ್ಕೆ ಮನೆ ಕೊಟ್ಟವರ ಸಹಿ ಮಾಡಿದ ಕಾಗದ ಬೇಕು, ಈಗ್ಲೇ ಇಮೇಲಲ್ಲಿ ಕೇಳಿಡಲಿ.

ಕೊನೆಗೆ, ಏರ್‌ಪೋರ್ಟ್ ಒಳಗೆ ನೀವು ಹೋಗೋಕಾಗೋದಿಲ್ಲ, ಬಾಗಿಲಲ್ಲಿ ಟಿಕೆಟ್ ಇದ್ದವರನ್ನ ಮಾತ್ರ ಬಿಡ್ತಾರೆ. ಇಳಿಸೋ ಜಾಗದಲ್ಲಿ ಗಾಡಿ ನಿಲ್ಲಿಸೋಕೂ ಕೊಡೋದಿಲ್ಲ, ಆರತಿ, ನಮಸ್ಕಾರ, ಅಳೋದು ಎಲ್ಲಾ ಮನೆಯಲ್ಲೋ ನೆಂಟರ ಮನೆಯಲ್ಲೋ ಮುಗಿಸ್ಕೊಂಡು ಬನ್ನಿ. ಅವಳು ಒಳಗೆ ಹೋದ ತಕ್ಷಣ ವಾಪಸ್ ಹೊರಡಬೇಡಿ. ಗಾಡಿ ಪಾರ್ಕಿಂಗಲ್ಲಿ ಹಾಕಿ, ಒಂದು ಖಾಲಿ ಚೀಲ ಇಟ್ಕೊಂಡು ಹೊರಗೇ ಕೂತಿರಿ. ತೂಕ ಜಾಸ್ತಿ ಆಗಿ ಎರಡು ಡಬ್ಬಿ ತೆಗೀಬೇಕು ಅಂದ್ರೆ ಅವಳು ಬಾಗಿಲ ಹತ್ರ ಬಂದು ನಿಮ್ಮ ಕೈಗೆ ಕೊಡ್ತಾಳೆ. ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಮಾತ್ರ ದೊಡ್ಡ ಬ್ಯಾಗಲ್ಲೇ ಇರಲಿ, ಮುಚ್ಚಳಕ್ಕೆ ಟೇಪ್ ಸುತ್ತಿ ಎರಡು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಟ್ಟೆ ಮಧ್ಯೆ ಇಡಿ, ಹೆಗಲ ಬ್ಯಾಗಲ್ಲಿಟ್ರೆ ಸೆಕ್ಯುರಿಟಿಯಲ್ಲಿ ತೆಗೆದು ಹಾಕ್ತಾರೆ. ಇಮಿಗ್ರೇಷನ್ ಆಯ್ತು, ಗೇಟ್ ಮುಂದೆ ಕೂತಿದ್ದೇನೆ ಆಯಿ ಅಂತ ಫೋನ್ ಬಂದ ಮೇಲೆ ಹೊರಡಿ. ಮತ್ತೆ ಟಿಕೆಟ್ ಎರಡರ ಪ್ರಿಂಟೂ ತಗೊಂಡು ಈ ಶನಿವಾರದ ಒಳಗೆ ಮಗಳನ್ನೇ ಕರ್ಕೊಂಡು ಬನ್ನಿ, ಕ್ಯಾನ್ಸಲ್ ಮಾಡಿದ್ರೆ ಎಷ್ಟು ಬರ್ತದೆ ಅಂತ ಒಟ್ಟಿಗೆ ಕೂತು ನೋಡುವಾ. ದಿನ ಹೋದ ಹಾಗೆ ಆ ಮೊತ್ತ ಕಮ್ಮಿ ಆಗ್ತಾ ಹೋಗ್ತದೆ.